ಗರಡಿಯ ಮಣ್ಣು, ಗರಡಿಯ ಮರ್ಯಾದೆ

ಚಿತ್ರದುರ್ಗದ ಕೋಟೆಯನ್ನು ನೋಡಲು ಬಂದವರಿಗೆ ಓಬವ್ವನ ಕಿಂಡಿ, ಅಕ್ಕತಂಗಿಯರ ಹೊಂಡ, ಮದ್ದು ಬೀಸುವ ಕಲ್ಲು ಇವುಗಳನ್ನೆಲ್ಲ ತೋರಿಸುವ ಮಾರ್ಗದರ್ಶಿಗಳು ಒಂದೆಡೆ ನಿಂತು, 'ಇದು ಗರಡಿಮನೆ' ಎಂದು ಕೈತೋರಿಸಿ ಮುಂದೆ ಸಾಗುವುದುಂಟು. ಬಂದವರೂ ಅಲ್ಲಿ ಬಹಳ ಹೊತ್ತು ನಿಲ್ಲುವುದಿಲ್ಲ. ಕಿಂಡಿಗೆ ಕಥೆಯಿದೆ, ಹೊಂಡಕ್ಕೆ ನೀರಿದೆ, ಗರಡಿಗೆ ಏನಿದೆ ಎಂಬ ಭಾವ. ಆದರೆ ಈ ದುರ್ಗವನ್ನು ಆಳಿದ ಪಾಳೆಯಗಾರರಿಗೆ ಕಲ್ಲಿನ ಕೋಟೆ ಎಷ್ಟು ಮುಖ್ಯವಾಗಿತ್ತೋ ಆ ಕೋಟೆಯೊಳಗೆ ಮೈ ಹುರಿಗೊಳಿಸಿದ ಆಳುಗಳೂ ಅಷ್ಟೇ ಮುಖ್ಯರಾಗಿದ್ದರು. ಆ ಮೈಗಳು ಸಿದ್ಧವಾಗುತ್ತಿದ್ದ ಸ್ಥಳ ಗರಡಿ.

ಹಳೆಯ ಕಾವ್ಯಗಳಲ್ಲಿ ಇದಕ್ಕೆ 'ಗರುಡಿ' ಎಂಬ ರೂಪವೂ ಉಂಟು. ಬಿಲ್ಲು, ಕತ್ತಿವರಸೆ, ಗದೆ, ಮಲ್ಲಯುದ್ಧ ಎಲ್ಲಕ್ಕೂ ಅದೇ ಪಾಠಶಾಲೆ. ತುಳುನಾಡಿಗೆ ಹೋದರೆ ಕೋಟಿ ಚೆನ್ನಯರೆಂಬ ಅವಳಿ ವೀರರ ಆರಾಧನೆ ನಡೆಯುವ ಸ್ಥಾನಕ್ಕೂ ಗರಡಿ ಎಂದೇ ಹೆಸರು. ಸಾಮು ಮಾಡುವ ಮನೆ, ಕೈಮುಗಿಯುವ ಮನೆ ಎರಡಕ್ಕೂ ಒಂದೇ ಮಾತು ಸಲ್ಲುವುದು ನಮ್ಮಲ್ಲಿ ಮಾತ್ರವೇ ಅಲ್ಲ. ಜಪಾನಿನವರು ಜೂಡೋ ಕರಾಟೆಗಳನ್ನು ಕಲಿಯುವ ಸ್ಥಳವನ್ನು 'ದೋಜೋ' ಎನ್ನುತ್ತಾರಷ್ಟೆ. ಆ ಶಬ್ದ ಮೊದಲು ಬಳಕೆಗೆ ಬಂದದ್ದು ಬೌದ್ಧರ 'ಬೋಧಿಮಂಡ'ಕ್ಕೆ, ಎಂದರೆ ಬುದ್ಧನು ಜ್ಞಾನವನ್ನು ಪಡೆದ ನೆಲೆಗೆ ಪರ್ಯಾಯವಾಗಿ. ನಮ್ಮ ಸಂಸ್ಕೃತ ಶಬ್ದ ಚೀನಾದ ದಾರಿಯಾಗಿ ಜಪಾನಿಗೆ ಹೋಗಿ, ಈಗ ಕರಾಟೆಯ ಬಿಳಿಯ ಉಡುಪನ್ನು ತೊಟ್ಟು ನಮ್ಮೂರಿನ ಶಾಲೆಯ ಮೈದಾನಕ್ಕೆ ಮರಳಿದೆ ಎನ್ನೋಣ.

ಕನ್ನಡ ಪಾಠ ಹೇಳುವವನಿಗೆ ಕುಸ್ತಿಯ ಗೊಡವೆ ಏಕೆ ಎಂದು ನೀವು ಕೇಳಬಹುದು. ನನ್ನ ಕಳಕಳಿ ಸೋಲುಗೆಲುವಿನದಲ್ಲ. ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ಈ ನಾಲ್ಕು ತಾಲ್ಲೂಕುಗಳಲ್ಲಿ ಹಳೆಯ ಗರಡಿಯನ್ನು ಕಂಡ ಹಿರಿಯರೂ ಇದ್ದಾರೆ, ಸಂಜೆ ಕರಾಟೆಗೆ ಹೋಗುವ ಹುಡುಗ ಹುಡುಗಿಯರೂ ಇದ್ದಾರೆ. ಹಳಬರು ಪದ್ಧತಿಯೆಂದು ನಡೆಸಿಕೊಂಡು ಬಂದ ಎಷ್ಟೋ ಸಂಗತಿಗಳ ಕಾರಣ ಹೊಸಬರಿಗೆ ತಿಳಿಯದು. ಹೊಸಬರಿಗೆ ವೈದ್ಯರು ಹೇಳುವ ಮಾತು ಹಳಬರ ಕಿವಿಗೆ ಬೀಳದು. ಈ ಎರಡನ್ನೂ ಒಂದೆಡೆ ಇಟ್ಟು ನೋಡಬೇಕೆಂಬುದೇ ಈ ಭಾಷಣದ ಉದ್ದೇಶ.

ಗರಡಿಯ ವಿದ್ಯೆ ಕನ್ನಡನಾಡಿನಲ್ಲಿ ಅರಸರ ಮನ್ನಣೆ ಪಡೆದದ್ದು. ಹನ್ನೆರಡನೆಯ ಶತಮಾನದಲ್ಲಿ ಕಲ್ಯಾಣದಿಂದ ಆಳಿದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು 'ಮಾನಸೋಲ್ಲಾಸ'ವೆಂಬ ತನ್ನ ಸಂಸ್ಕೃತ ಗ್ರಂಥದಲ್ಲಿ ಮಲ್ಲವಿನೋದಕ್ಕೆಂದೇ ಒಂದು ಭಾಗವನ್ನು ಮೀಸಲಿಟ್ಟನು. ಮಲ್ಲರ ದರ್ಜೆ, ಅವರ ಆಹಾರ, ಭಾರವೆತ್ತುವುದು, ನಡೆಯುವುದು, ನೀರಿನಲ್ಲಿ ಈಜುವುದು, ಕಂಬವನ್ನು ಹಿಡಿದು ಮಾಡುವ ಸಾಧನೆ ಇವೆಲ್ಲ ಅದರಲ್ಲಿವೆ. ನಾವು ಈಗ ಮಲ್ಲಕಂಬ ಎನ್ನುವುದು ಆ ಕಂಬದ ಸಾಧನೆಯ ಸಂತಾನವೇ. ಮುಂದೆ ಸುಮಾರು 1520ರಲ್ಲಿ ವಿಜಯನಗರಕ್ಕೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯಿಸನು ಕೃಷ್ಣದೇವರಾಯನ ದಿನಚರಿಯನ್ನು ಬರೆದಿಟ್ಟಿದ್ದಾನೆ. ಬೆಳಕು ಹರಿಯುವ ಮೊದಲೇ ದೊರೆ ಎಳ್ಳೆಣ್ಣೆಯನ್ನು ಕುಡಿದು, ಮೈಗೂ ಅದನ್ನೇ ಹಚ್ಚಿಕೊಂಡು, ಮಣ್ಣಿನಿಂದ ಮಾಡಿದ ಭಾರಗಳನ್ನೆತ್ತಿ, ಎಣ್ಣೆಯೆಲ್ಲ ಬೆವರಾಗಿ ಇಳಿಯುವವರೆಗೆ ಕತ್ತಿ ತಿರುಗಿಸಿ, ಬಳಿಕ ತನ್ನ ಮಲ್ಲರಲ್ಲೊಬ್ಬನೊಡನೆ ಕುಸ್ತಿ ಮಾಡಿ, ಆಮೇಲೆ ಕುದುರೆ ಹತ್ತುತ್ತಿದ್ದನಂತೆ. ಕೊನೆಗೆ ಸ್ನಾನ. ಸ್ನಾನವಾದ ಮೇಲೆ ದೇವರ ಮನೆ, ಅದಾದ ಬಳಿಕ ರಾಜಕಾರ್ಯ. ಬೆವರಿನ ಮೈಯಲ್ಲಿ ಸಿಂಹಾಸನದ ಬಳಿಗೆ ಹೋದವನಲ್ಲ ಆತ. ಇಷ್ಟನ್ನು ಗಮನಿಸಿ ಮಣ್ಣಿನ ವಿಷಯಕ್ಕೆ ಬರೋಣ.

ಗರಡಿಯ ನಡುವೆ ಇರುವ ಕುಸ್ತಿಯ ಕಣಕ್ಕೆ ಮಟ್ಟಿ ಎನ್ನುತ್ತಾರೆ. ಹೊಲದ ಮಣ್ಣನ್ನು ತಂದು ಸುರಿದರೆ ಮಟ್ಟಿಯಾಗುವುದಿಲ್ಲ. ನಯವಾದ ಕೆಮ್ಮಣ್ಣನ್ನು ತಂದು, ಕಲ್ಲು ಬೇರುಗಳನ್ನು ತೆಗೆದು, ಜರಡಿ ಹಿಡಿದು, ಅದಕ್ಕೆ ಎಣ್ಣೆ, ಮಜ್ಜಿಗೆ, ಅರಿಶಿನ, ನಿಂಬೆಯ ರಸ, ಕರ್ಪೂರ ಹೀಗೆ ಊರೂರಿನ ವಾಡಿಕೆಯಂತೆ ಬೆರೆಸಿ ಹದ ಮಾಡುತ್ತಾರೆ. ಕೆಲವೆಡೆ ತುಪ್ಪ, ಹಾಲು, ಬೇವಿನ ಎಲೆಯ ಪುಡಿಯೂ ಸೇರುವುದುಂಟು. ಹದವಾದ ಮಣ್ಣು ಬಿದ್ದವನ ಬೆನ್ನನ್ನು ಮುರಿಯುವುದಿಲ್ಲ, ಬೆವರಿದ ಮೈಯನ್ನು ಜಾರಗೊಡುವುದೂ ಇಲ್ಲ. ಆದಕಾರಣವೇ ಮಲ್ಲರು ಒಬ್ಬರ ಮೈಗೆ ಒಬ್ಬರು ಮಣ್ಣು ಎರಚಿಕೊಳ್ಳುವುದು. ನೋಡುವವರಿಗೆ ಅದು ಜಗಳದ ಮೊದಲ ಹೆಜ್ಜೆಯಂತೆ ತೋರಬಹುದು. ನಿಜವಾಗಿ ಅದು, 'ನನ್ನ ಹಿಡಿತಕ್ಕೆ ನೀನು ಸಿಕ್ಕುವಂತಿರಲಿ, ನಿನ್ನ ಹಿಡಿತಕ್ಕೆ ನಾನೂ ಸಿಕ್ಕುವಂತಿರಲಿ' ಎಂಬ ಒಪ್ಪಂದ.

ಈ ಮಟ್ಟಿಯನ್ನು ಬೆಳಗ್ಗೆ ಎದ್ದೊಡನೆ ಗುದ್ದಲಿಯಿಂದ ಅಗೆದು ಮೇಲುಕೆಳಗು ಮಾಡಬೇಕು. ಈ ಕೆಲಸ ಹೊಸದಾಗಿ ಸೇರಿದ ಶಿಷ್ಯನ ಪಾಲಿನದು. ಪಟ್ಟು ಕಲಿಯಲು ಬಂದವನಿಗೆ ಮೊದಲು ಗುದ್ದಲಿಯನ್ನು ಕೊಡುವುದು ದರ್ಪವಲ್ಲ. ಅಗೆಯುವುದೇ ಒಂದು ಸಾಮು. ಅಗೆದ ಮಣ್ಣಿಗೆ ಗಾಳಿಯಾಡುತ್ತದೆ, ನೆಲ ಮುಗ್ಗುವುದಿಲ್ಲ, ಮಣ್ಣಿನಲ್ಲಿ ಅಡಗಿದ ಚೂಪುಗಲ್ಲೋ ಗಾಜಿನ ಚೂರೋ ಇದ್ದರೆ ಯಾರ ಬೆನ್ನಿಗೂ ತಾಗುವ ಮೊದಲೇ ಕೈಗೆ ಸಿಕ್ಕುತ್ತದೆ. ಮಟ್ಟಿಯೊಳಕ್ಕೆ ಚಪ್ಪಲಿ ಹೋಗಕೂಡದು, ಅಲ್ಲಿ ಉಗುಳಕೂಡದು, ಎಲೆಯಡಿಕೆ ಹೊಗೆಸೊಪ್ಪು ಬಾಯಲ್ಲಿರಕೂಡದು, ಕಾಲು ತೊಳೆಯದೆ ಇಳಿಯಕೂಡದು. ಇಳಿಯುವಾಗ ಮಣ್ಣನ್ನು ಮುಟ್ಟಿ ಹಣೆಗೆ ಒತ್ತಿಕೊಳ್ಳಬೇಕು, ಗೋಡೆಯ ಮೇಲಿನ ಹನುಮಂತನಿಗೆ ಕೈಮುಗಿಯಬೇಕು. ಹಣೆಗೆ ಹಚ್ಚುವ ಮಣ್ಣಿನ ಮೇಲೆ ಯಾವನು ತಾನೆ ಉಗುಳಿಯಾನು? ವೈದ್ಯರ ಕಟ್ಟಳೆಯನ್ನು ಹಿರಿಯರು ಭಕ್ತಿಯ ಭಾಷೆಯಲ್ಲಿ ಹೇಳಿಟ್ಟಿದ್ದರು.

ಆದರೆ ಒಂದು ಮಾತನ್ನು ಇಲ್ಲಿ ಮುಚ್ಚುಮರೆಯಿಲ್ಲದೆ ಹೇಳಬೇಕಾಗಿದೆ. ಅರಿಶಿನ ನಿಂಬೆರಸಗಳಿಂದ ಮಣ್ಣು ಪೂರ್ತಿ ಶುದ್ಧವಾಯಿತು, ಗರಡಿಯ ಮಣ್ಣು ತಾಕಿದ ಗಾಯ ತಾನಾಗಿಯೇ ಮಾಯುತ್ತದೆ ಎಂಬ ನಂಬಿಕೆ ಕೆಲವರಲ್ಲಿದೆ. ಇದು ಅಪಾಯದ ನಂಬಿಕೆ. ಧನುರ್ವಾಯುವನ್ನು ತರುವ ಕ್ರಿಮಿ ಮಣ್ಣಿನಲ್ಲಿ, ಸಗಣಿಯಲ್ಲಿ ಬೀಜದ ರೂಪದಲ್ಲಿ ವರ್ಷಗಟ್ಟಲೆ ಬದುಕಿರುತ್ತದೆ. ಮಜ್ಜಿಗೆಗಾಗಲಿ ಅರಿಶಿನಕ್ಕಾಗಲಿ ಅದು ಜಗ್ಗುವುದಿಲ್ಲ. ಮಟ್ಟಿಯಲ್ಲಿ ಗಾಯವಾದರೆ ಮಣ್ಣು ಮೆತ್ತದೆ ಸೋಪು ನೀರಿನಿಂದ ತೊಳೆದು ಆಸ್ಪತ್ರೆಗೆ ಹೋಗತಕ್ಕದ್ದು. ಸರ್ಕಾರದ ಲಸಿಕೆಯ ಪಟ್ಟಿಯಲ್ಲಿ ಮಕ್ಕಳಿಗೆ 10ನೆಯ ವಯಸ್ಸಿಗೂ 16ನೆಯ ವಯಸ್ಸಿಗೂ ಧನುರ್ವಾಯುವಿನ ಚುಚ್ಚುಮದ್ದು ಉಂಟು. ಗರಡಿಗಾಗಲಿ ಕರಾಟೆಗಾಗಲಿ ಮಗುವನ್ನು ಸೇರಿಸಿಕೊಳ್ಳುವ ಗುರು, ಹಣದ ಲೆಕ್ಕ ಕೇಳುವ ಮೊದಲು, ಈ ಚುಚ್ಚುಮದ್ದು ಆಗಿದೆಯೇ ಎಂದು ಕೇಳಲಿ.

ಇನ್ನು ಮೈಯ ವಿಷಯ. ಕುಸ್ತಿಯಲ್ಲಿ ನಮ್ಮ ಮೈ ನಮ್ಮದೊಬ್ಬರದೇ ಆಗಿ ಉಳಿಯುವುದಿಲ್ಲ. ಕೆನ್ನೆಗೆ ಕೆನ್ನೆ, ಕುತ್ತಿಗೆಗೆ ಮೊಳಕೈ ಉಜ್ಜುತ್ತವೆ. ಒಬ್ಬನಿಗೆ ಹುಳುಕಡ್ಡಿ ಬಂದರೆ ಕೆಲವೇ ವಾರಗಳಲ್ಲಿ ಗರಡಿಗೆಲ್ಲ ಬರುವುದು ಸಹಜ. ಸಣ್ಣ ನೀರುಗುಳ್ಳೆಗಳ ರೂಪದಲ್ಲಿ ಮುಖ ಕುತ್ತಿಗೆಗಳ ಮೇಲೆ ಏಳುವ ಒಂದು ಅಂಟುರೋಗಕ್ಕಂತೂ ವೈದ್ಯರು ಮಲ್ಲರ ಹೆಸರನ್ನೇ ಕೊಟ್ಟು 'ಹರ್ಪಿಸ್ ಗ್ಲಾಡಿಯೇಟೋರಮ್' ಎಂದಿದ್ದಾರೆ. ರೋಮಿನ ಕಣದಲ್ಲಿ ಕಾದುತ್ತಿದ್ದವರು ಗ್ಲಾಡಿಯೇಟರುಗಳು. ಕುರು, ಕಜ್ಜಿ, ಕೀವುಗುಳ್ಳೆ ಇವೂ ಹೀಗೆಯೇ ಹರಡುವಂಥವು. ಇವು ಇದ್ದವನು ವಾಸಿಯಾಗುವವರೆಗೆ ಮಟ್ಟಿಗೆ ಇಳಿಯದೆ ಬದಿಯಲ್ಲಿ ದಂಡ ಬಸ್ಕಿ ಹೊಡೆಯಲಿ, ಗದೆ ತಿರುಗಿಸಲಿ. ಯಾರೂ ಅವನನ್ನು ಹಾಸ್ಯ ಮಾಡಕೂಡದು. ಹಾಸ್ಯ ಮಾಡಿದರೆ ಮುಂದಿನ ಸಲ ಅವನು ಮುಚ್ಚಿಟ್ಟುಕೊಂಡೇ ಇಳಿಯುತ್ತಾನೆ.

ಹುಳುಕಡ್ಡಿಯ ವಿಷಯದಲ್ಲಿ ಇನ್ನೊಂದು ಎಚ್ಚರಿಕೆ. ಈಚಿನ ವರ್ಷಗಳಲ್ಲಿ ನಮ್ಮ ದೇಶದಲ್ಲಿ ಇದು ಹಳೆಯ ಔಷಧಿಗಳಿಗೆ ಬಗ್ಗದಂತೆ ಹಟಮಾರಿಯಾಗಿದೆ. ಔಷಧಿ ಅಂಗಡಿಯಲ್ಲಿ ಕೈಚಾಚಿ ಕೇಳಿ ತರುವ, ಸ್ಟೀರಾಯ್ಡ್ ಬೆರೆತ ಮುಲಾಮುಗಳು ಇದಕ್ಕೆ ಒಂದು ಮುಖ್ಯ ಕಾರಣವೆಂದು ಚರ್ಮವೈದ್ಯರು ಹೇಳುತ್ತಾರೆ. ಹಚ್ಚಿದ ಮರುದಿನವೇ ತುರಿಕೆ ನಿಲ್ಲುತ್ತದೆ, ಕೆಂಪು ಇಳಿಯುತ್ತದೆ, ಹುಡುಗ ಸಂತೋಷದಿಂದ ಮಟ್ಟಿಗೆ ಇಳಿಯುತ್ತಾನೆ. ಒಳಗೆ ರೋಗ ಹಬ್ಬುತ್ತಿರುತ್ತದೆ. ವೈದ್ಯರಿಗೆ ತೋರಿಸಿ, ಅವರು ಹೇಳಿದಷ್ಟು ದಿನ ಬಿಡದೆ ಔಷಧಿ ಮಾಡಬೇಕು. ಮನೆಯಲ್ಲಿ ಒಬ್ಬರ ಟವಲನ್ನು ಇನ್ನೊಬ್ಬರು ಬಳಸಕೂಡದು. ಲಂಗೋಟಿಯನ್ನಂತೂ ಎಷ್ಟೇ ಆಪ್ತ ಗೆಳೆಯನಾದರೂ ಸಾಲ ಕೇಳಕೂಡದು, ಕೊಡಲೂ ಕೂಡದು.

ಉಗುರು ಸಣ್ಣ ವಿಷಯವೆಂದು ತೋರುತ್ತದೆ. ಅಂತರರಾಷ್ಟ್ರೀಯ ಕುಸ್ತಿಯಲ್ಲಿ ಪಂದ್ಯಕ್ಕೆ ಮೊದಲು ತೀರ್ಪುಗಾರನು ಉಗುರು ಕತ್ತರಿಸಿದೆಯೇ, ಮೈಗೆ ಎಣ್ಣೆ ಹಚ್ಚಿಲ್ಲವಷ್ಟೆ, ಬೆವರು ಒರೆಸಿದೆಯೇ ಎಂದು ಮುಟ್ಟಿ ನೋಡುತ್ತಾನೆ. ನಮ್ಮ ಹಳೆಯ ಉಸ್ತಾದರೂ ಶಿಷ್ಯನ ಕೈಯನ್ನು ತಿರುಗಿಸಿ ನೋಡಿಯೇ ಒಳಗೆ ಬಿಡುತ್ತಿದ್ದರು. ಉಂಗುರ, ಕಡಗ, ಉಡಿದಾರ, ಬಳೆ, ಮೂಗುತಿ ಎಲ್ಲವನ್ನೂ ಹೊರಗೆ ಬಿಡಬೇಕು. ತಾಯಿತ, ಜನಿವಾರ, ಕರಡಿಗೆ ಇವುಗಳ ವಿಷಯ ನಾಜೂಕಾದದ್ದು. ನಮ್ಮ ಜಿಲ್ಲೆಯಲ್ಲಿ ಲಿಂಗಧಾರಿಗಳ ಮನೆಗಳು ಹೇರಳವಾಗಿವೆ. ಕರಡಿಗೆಯನ್ನು ಏನು ಮಾಡಬೇಕೆಂಬುದನ್ನು ಮನೆಯ ಹಿರಿಯರನ್ನು ಕೇಳಿ ಮೊದಲೇ ನಿಶ್ಚಯಿಸಿಕೊಳ್ಳುವುದು ಲೇಸು. ಗುರುವಾದವನು ಎಲ್ಲರ ಎದುರಿಗೆ ಅದಕ್ಕೆ ಕೈಹಾಕತಕ್ಕದ್ದಲ್ಲ.

ಶುಚಿಯ ಮಾತು ಬಂದಾಗ ನಮ್ಮಲ್ಲಿ 'ಮಡಿ' ಎಂಬ ಮಾತು ಹಿಂದೆಯೇ ಬಂದು ನಿಲ್ಲುತ್ತದೆ. ಎರಡೂ ಒಂದೇ ಎಂದು ಭಾವಿಸುವವರಿದ್ದಾರೆ. ಮಡಿ ಎಂಬುದು ಮುಟ್ಟಿಸಿಕೊಳ್ಳದೆ ಉಳಿಯುವುದು. ಗರಡಿಯ ಶುಚಿಯೋ, ಮುಟ್ಟುವುದಕ್ಕಾಗಿಯೇ ಮಾಡಿಕೊಳ್ಳುವ ಸಿದ್ಧತೆ. ನಾನು ಮಿಂದು ಬರುವುದು ನೀನು ನನ್ನನ್ನು ಹಿಡಿಯುವೆಯೆಂದು. ಉಗುರು ತೆಗೆದು ಬರುವುದು ನಾನು ನಿನ್ನನ್ನು ಹಿಡಿಯುವೆನೆಂದು. ಅಸ್ಪೃಶ್ಯತೆಯನ್ನು ಇಟ್ಟುಕೊಂಡು ಕುಸ್ತಿ ಆಡಲಾಗುವುದಿಲ್ಲ. ಹಾಗೆಂದು ಹಿಂದಿನ ಗರಡಿಗಳಲ್ಲೆಲ್ಲ ಎಲ್ಲರಿಗೂ ಸಮಾನವಾದ ಪ್ರವೇಶವಿತ್ತೆಂದು ಹೇಳಿದರೆ ಅದು ಸತ್ಯಕ್ಕೆ ದೂರ. ಕೇರಿಗೊಂದು ಗರಡಿ, ಜಾತಿಗೊಂದು ಗರಡಿ ಇದ್ದ ಊರುಗಳೂ ಉಂಟು. ಬೆವರನ್ನು ಹಂಚಿಕೊಂಡವರು ನೀರಿನ ಕೊಡದ ಹತ್ತಿರ ಬಂದಾಗ ಬೇರೆ ಬೇರೆ ಲೋಟ ಹುಡುಕಿದ್ದೂ ಉಂಟು. ಈಗ ನೀವು ನಿಮ್ಮ ಊರಿನಲ್ಲಿ ಗರಡಿಯನ್ನೋ ತರಬೇತಿಯ ಕೂಟವನ್ನೋ ಆರಂಭಿಸುವುದಾದರೆ ಆ ನೀರಿನ ಕೊಡವನ್ನು ಮೊದಲು ನೋಡಿ. ಒಬ್ಬರು ಬಾಯಿಟ್ಟ ಲೋಟದಲ್ಲಿ ಇನ್ನೊಬ್ಬರು ಕುಡಿಯದಿರುವುದು ಆರೋಗ್ಯದ ನಿಯಮ, ಅದು ಎಲ್ಲರಿಗೂ ಒಂದೇ. ಕೆಲವರಿಗೆ ಮಾತ್ರ ಬೇರೆ ಲೋಟವೆಂಬುದು ಅಪರಾಧ.

ಭಾಷೆಯ ದೃಷ್ಟಿಯಿಂದ ನೋಡಿದರೆ ಗರಡಿ ಯಾರೊಬ್ಬರ ಆಸ್ತಿಯೂ ಅಲ್ಲ. ಮಟ್ಟಿ, ಪಟ್ಟು, ವರಸೆ, ಹಿಡಿತ ಇವು ನಮ್ಮ ನೆಲದ ಮಾತುಗಳು. ಕುಸ್ತಿ, ಪೈಲ್ವಾನ, ಉಸ್ತಾದ್ ಇವು ಪಾರಸಿಯಿಂದ ಬಂದವು. ಸಲಾಮಿ, ತಾಲೀಮು ಅರಬ್ಬಿಯವು. 'ತಾಲೀಮು' ಎಂದರೆ ಮೂಲದಲ್ಲಿ ವಿದ್ಯಾಭ್ಯಾಸವೆಂದೇ ಅರ್ಥ. ಹನುಮಂತನ ಪಟದ ಕೆಳಗೆ ಉಸ್ತಾದನು ನಿಂತು ತಾಲೀಮು ಮಾಡಿಸುವಾಗ ಯಾರಿಗೂ ಅದು ವಿಚಿತ್ರವೆಂದು ತೋರಿಲ್ಲ.

ಮರ್ಯಾದೆಯ ಕ್ರಮಗಳಲ್ಲಿ ಮೊದಲನೆಯದು ಸಲಾಮಿ. ಎದುರಾಳಿಗೆ ಕೈಕೊಟ್ಟು, ಮಣ್ಣು ಮುಟ್ಟಿ, ಆಮೇಲೆ ಹಿಡಿತ. ಪಂದ್ಯ ಮುಗಿದ ಮೇಲೆ ಮತ್ತೆ ಕೈಕೊಡುವುದು. ಜಾತ್ರೆಯ ಕುಸ್ತಿಯಲ್ಲಿ ಗೆದ್ದವನನ್ನು ಹೆಗಲ ಮೇಲೆ ಹೊತ್ತು ಮೆರೆಸುವ ಗದ್ದಲದಲ್ಲಿ ಈ ಎರಡನೆಯ ಕೈ ಮರೆತುಹೋಗುವುದುಂಟು. ಸೋತವನ ಕೈಹಿಡಿದು ಎಬ್ಬಿಸದೆ ಹೆಗಲೇರಿದವನನ್ನು ನಾನಂತೂ ಪೈಲ್ವಾನನೆಂದು ಕರೆಯಲಾರೆ. ತೊಡೆ ತಟ್ಟುವುದು ಸವಾಲು, ಬೈಗುಳವಲ್ಲ. ಮಹಾಭಾರತದ ಗದಾಯುದ್ಧವನ್ನು ನಮ್ಮವರು ಸಾವಿರ ವರ್ಷಗಳಿಂದ ಓದುತ್ತ ಬಂದಿದ್ದಾರೆ. ನಾಭಿಯ ಕೆಳಗೆ ಹೊಡೆಯಬಾರದೆಂಬ ನಿಯಮವನ್ನು ಮೀರಿ ಭೀಮನು ತೊಡೆ ಮುರಿದನು; ಗೆಲುವು ಪಾಂಡವರದಾಯಿತು, ಆದರೂ ಇಬ್ಬರಿಗೂ ಗುರುವಾಗಿದ್ದ ಬಲರಾಮನು ಆ ಗೆಲುವನ್ನು ಒಪ್ಪದೆ ಸಿಟ್ಟಿನಿಂದ ಹೊರಟುಹೋದನು. ಭೀಮನ ಪರವಾಗಿ ಹೇಳಲು ಬೇಕಾದಷ್ಟಿದೆ. ಗರಡಿಯ ಗುರುವಿಗೆ ಮಾತ್ರ ಬಲರಾಮನ ಸಿಟ್ಟೇ ಪಾಠ. ಮೈಸೂರಿನ ದಸರೆಯಲ್ಲಿ ಜಟ್ಟಿಗಳು ಆಡುವ ವಜ್ರಮುಷ್ಟಿ ಕಾಳಗ ನೋಡಲು ಭಯಂಕರವಾದದ್ದು. ಅದರ ನಿಯಮವೋ, ಬೋಳಿಸಿದ ತಲೆಯ ಮೇಲೆ ರಕ್ತ ಕಂಡೊಡನೆ ಕಾಳಗ ನಿಂತಿತು. ಎಷ್ಟು ಕ್ರೂರವಾದ ಆಟವೋ ಅಷ್ಟು ಬಿಗಿಯಾದ ಕಟ್ಟು.

ಜೂಡೋದಲ್ಲಿ ಇದಕ್ಕೊಂದು ಒಳ್ಳೆಯ ಉಪಾಯವಿದೆ. ಹಿಡಿತ ತಡೆಯಲಾಗದವನು ಅಂಗೈಯಿಂದ ಎರಡು ಸಲ ತಟ್ಟಿದರೆ ಹಿಡಿದವನು ಆ ಕ್ಷಣವೇ ಬಿಡಬೇಕು. ಒಂದು ಕ್ಷಣ ಹೆಚ್ಚು ಹಿಡಿದರೂ ಕೀಲು ಜಾರಬಹುದು, ಉಸಿರು ಕಟ್ಟಬಹುದು. 1882ರಲ್ಲಿ ಜೂಡೋವನ್ನು ಸ್ಥಾಪಿಸಿದ ಕಾನೋ ಜಿಗೋರೋ ಸ್ವತಃ ಉಪಾಧ್ಯಾಯ. ತಾನೂ ಎದುರಿನವನೂ ಒಟ್ಟಿಗೆ ಏಳಿಗೆ ಹೊಂದಬೇಕೆಂಬುದನ್ನು ತನ್ನ ವಿದ್ಯೆಯ ಮೂಲತತ್ತ್ವವೆಂದು ಇಟ್ಟುಕೊಂಡವನು. ನಮ್ಮ ಗರಡಿಯಲ್ಲಿ 'ಸಾಕು' ಎಂಬ ಮಾತಿಗೆ ಇದೇ ಬೆಲೆ ಇರಬೇಕು. ಕಲಿಯುವ ಮಕ್ಕಳಿಗೆ ಮೊದಲ ದಿನ ಕಲಿಸತಕ್ಕ ಪಟ್ಟು ಯಾವುದೆಂದು ನನ್ನನ್ನು ಕೇಳಿದರೆ ಬಿಡುವ ಪಟ್ಟು ಎನ್ನುತ್ತೇನೆ.

ಇಲ್ಲಿಯವರೆಗೆ ಶಿಷ್ಯರ ಕರ್ತವ್ಯ ಹೇಳಿದ್ದಾಯಿತು. ಗುರುವಿನದು? ಕಾಲಿಗೆ ನಮಸ್ಕಾರ ಮಾಡಿಸಿಕೊಳ್ಳುವುದು ಸುಲಭ. ಒನಕೆ ಓಬವ್ವನ ಊರಿನವರು ನಾವು. ಜಿಲ್ಲೆಯ ಕ್ರೀಡಾಂಗಣಕ್ಕೆ ಅವಳ ಹೆಸರಿದೆ. 2021ರಿಂದ ನವೆಂಬರ್ 11ರಂದು ರಾಜ್ಯವೇ ಅವಳ ಜಯಂತಿಯನ್ನು ಆಚರಿಸುತ್ತಿದೆ. ಹೈದರನ ಸೈನಿಕರನ್ನು ಎದುರಿಸಿದ ಆಕೆ ಹಿಡಿದದ್ದು ಅಡುಗೆಮನೆಯ ಒನಕೆ. ಗರಡಿಯ ಹೊಸ್ತಿಲನ್ನು ಆಕೆ ತುಳಿದಿದ್ದಳೆಂದು ಕಥೆಯೂ ಹೇಳುವುದಿಲ್ಲ. ಈಗ ಸರ್ಕಾರಿ ಶಾಲೆಯ ಹೆಣ್ಣುಮಕ್ಕಳಿಗೆ ರಾಣಿ ಲಕ್ಷ್ಮೀಬಾಯಿಯ ಹೆಸರಿನ ಯೋಜನೆಯಲ್ಲಿ ಆತ್ಮರಕ್ಷಣೆಯ ತರಬೇತಿಯಿದೆ. ಬಯಲು ಗಣಪತಿಯ ಊರಾದ ಹೊಳಲ್ಕೆರೆಯಿರಲಿ, ಹೊಸದುರ್ಗವಿರಲಿ, ಹಲವು ಶಾಲೆಗಳಲ್ಲಿ ಈ ಪಾಠಕ್ಕೂ ಬಯಲೇ ಗತಿ. ಬಯಲಾದರೂ ಚಿಂತೆಯಿಲ್ಲ, ಆದರೆ ಬಟ್ಟೆ ಬದಲಿಸಲು ಒಂದು ಕೋಣೆ, ಅದಕ್ಕೊಂದು ಚಿಲಕ, ನೀರಿರುವ ಶೌಚಾಲಯ ಇವು ಇಲ್ಲದೆ ಹುಡುಗಿಯರಿಗೆ ತರಬೇತಿ ಏರ್ಪಡಿಸುವುದು ಊಟಕ್ಕೆ ಕರೆದು ಎಲೆ ಹಾಕದಂತೆ.

ಪಟ್ಟು ತಿದ್ದಬೇಕಾದರೆ ಮುಟ್ಟಲೇಬೇಕಾಗುತ್ತದೆ. ಮುಟ್ಟುವ ಮೊದಲು, 'ನಿನ್ನ ಮೊಳಕೈಯನ್ನು ಹಿಡಿದು ತೋರಿಸುತ್ತೇನಮ್ಮ' ಎಂದು ಹೇಳಿ ಮುಟ್ಟುವುದು, ಹುಡುಗಿಯರ ತರಗತಿಯಲ್ಲಿ ಉಪಾಧ್ಯಾಯಿನಿಯೊಬ್ಬರು ಇದ್ದೇ ಇರುವಂತೆ ನೋಡಿಕೊಳ್ಳುವುದು, ಯಾರನ್ನೂ ಒಂಟಿಯಾಗಿ ಉಳಿಸಿಕೊಳ್ಳದಿರುವುದು ಇವು ಗುರುವಿನ ಮರ್ಯಾದೆಯ ಲಕ್ಷಣಗಳು. 2023ರಲ್ಲಿ ದೇಶಕ್ಕೆ ಪದಕ ತಂದ ಕುಸ್ತಿಯ ಹೆಣ್ಣುಮಕ್ಕಳೇ ತಮಗೆ ಲೈಂಗಿಕ ಕಿರುಕುಳವಾಯಿತೆಂದು ದೂರಿ ದೆಹಲಿಯ ಬೀದಿಯಲ್ಲಿ ಧರಣಿ ಕುಳಿತದ್ದನ್ನು ನೀವೆಲ್ಲ ಕಂಡಿದ್ದೀರಿ. ಅಷ್ಟು ಬಲಶಾಲಿಗಳಿಗೇ ಬಾಯಿಬಿಟ್ಟು ಹೇಳಲು ಅಷ್ಟು ಕಷ್ಟವಾದರೆ ಎಂಟನೆಯ ತರಗತಿಯ ಹುಡುಗಿ ಯಾರ ಹತ್ತಿರ ಹೇಳಿಕೊಂಡಾಳು? ಅವಳು ಹೇಳಿದ್ದನ್ನು ಕೇಳುವ ಒಬ್ಬರ ಹೆಸರನ್ನು ತರಬೇತಿಯ ಮೊದಲ ದಿನವೇ ಅವಳಿಗೆ ತಿಳಿಸಬೇಕು. ಹುಡುಗರ ವಿಷಯದಲ್ಲಿಯೂ ಅಷ್ಟೆ. ಬೆತ್ತದಿಂದ ಹೊಡೆದು, ತಾಯಿತಂದೆಯರನ್ನು ಹಿಡಿದು ಬೈದು ಕಲಿಸಿದ ವಿದ್ಯೆ ಮಟ್ಟಿಯಲ್ಲಿ ನಿಲ್ಲುವುದಿಲ್ಲ. ಮನೆಗೆ ಹೋಗಿ ತಮ್ಮತಂಗಿಯರ ಮೇಲೆ ಹರಿಯುತ್ತದೆ.

ಎಷ್ಟು ಸಾಮು ಮಾಡಬೇಕೆಂಬುದಕ್ಕೆ ವಾಗ್ಭಟನ ಅಷ್ಟಾಂಗಹೃದಯದಲ್ಲಿ ಒಂದು ಅಳತೆಯಿದೆ. ಬಲವುಳ್ಳವನೂ ತನ್ನ ಶಕ್ತಿಯ ಅರ್ಧದಷ್ಟನ್ನೇ ವ್ಯಾಯಾಮಕ್ಕೆ ವಿನಿಯೋಗಿಸಬೇಕಂತೆ. ಆಮೇಲೆ ಮೈಯನ್ನು ಹಿತವಾಗಿ ತಿಕ್ಕಬೇಕಂತೆ. ಉಣ್ಣದೆ ಬಂದ ಮಗುವಿಗೆ ನೂರು ಬಸ್ಕಿ ಹೊಡೆಸುವವರು ಈ ಅರ್ಧಶಕ್ತಿಯ ಮಾತನ್ನು ನೆನೆಯಬೇಕು. ಬೇಸಗೆಯಲ್ಲಿ ನಡುನಡುವೆ ನೀರು ಕುಡಿಸಬೇಕು. ಸಾಮಿನ ನಡುವೆ ನೀರು ಕುಡಿಯುವುದು ದುರ್ಬಲತೆಯ ಗುರುತೆಂಬ ಹಳೆಯ ಹಟವನ್ನು ಬಿಟ್ಟುಬಿಡುವುದು ಒಳ್ಳೆಯದು.

ಸ್ನಾನದ ಮಾತಿಗೆ ಬಂದರೆ ನಮ್ಮ ಕಡೆಯವರು ಮೊದಲು ಕೇಳುವ ಪ್ರಶ್ನೆ ನೀರೆಲ್ಲಿದೆ ಎಂಬುದು. ಅದು ನ್ಯಾಯವಾದ ಪ್ರಶ್ನೆಯೇ. ವೇದಾವತಿಗೆ ಅಡ್ಡಲಾಗಿ ಕಟ್ಟಿ 1907ರಲ್ಲಿ ಮುಗಿಸಿದ ಹಿರಿಯೂರಿನ ವಾಣಿವಿಲಾಸ ಸಾಗರ 1933ರಲ್ಲಿ ಕೋಡಿ ಬಿದ್ದ ಮೇಲೆ ಮತ್ತೆ ಕೋಡಿ ಬಿದ್ದದ್ದು 2022ರಲ್ಲಿ. 89 ವರ್ಷ ಕಾದ ಜನ ನಾವು. ದಿನಕ್ಕೆ ಎರಡು ಸಲ ಹಂಡೆಗಟ್ಟಲೆ ನೀರು ಸುರಿದುಕೊಳ್ಳಿ ಎಂದರೆ ನಗುತ್ತೀರಿ. ಆದರೆ ಸಾಮಿನ ಮೈಗೆ ಹಂಡೆ ಬೇಕಿಲ್ಲ. ಮೈಮೇಲಿನ ಮಣ್ಣನ್ನು ಮೊದಲು ಒಣಬಟ್ಟೆಯಿಂದ ಒರೆಸಿ, ಒಂದು ಚೊಂಬಿನಲ್ಲಿ ಮೈ ನೆನೆಸಿ, ಕಂಕುಳು, ತೊಡೆಸಂದು, ಕಿವಿಯ ಹಿಂಭಾಗ, ಕಾಲ್ಬೆರಳಿನ ಸಂದು ಇವುಗಳಿಗೆ ಸೋಪು ಹಚ್ಚಿ ತಿಕ್ಕಿದರೆ ಉಳಿದದ್ದು ಒಂದು ಬಕೆಟ್ಟಿನಲ್ಲಿ ಮುಗಿಯುತ್ತದೆ. ಮುಖ್ಯವಾದದ್ದು ಬಳಿಕ ಆ ಸಂದುಗಳನ್ನು ತೇವವಿಲ್ಲದಂತೆ ಒರೆಸುವುದು; ಹುಳುಕಡ್ಡಿ ಬೇರೂರುವುದು ತೇವದಲ್ಲಿ. ತಡಮಾಡದೆ ಮೀಯಬೇಕು, ಬೆವರಿನ ಬಟ್ಟೆಯಲ್ಲೇ ಕುಳಿತು ಹರಟುವ ಚಾಳಿ ಬೇಡ. ಲಂಗೋಟಿ, ಕರಾಟೆಯ ಉಡುಪು, ಟವಲು ಇವುಗಳನ್ನು ಮುದ್ದೆ ಮಾಡಿ ಚೀಲದಲ್ಲಿ ತುರುಕಿ ಮರುದಿನ ಅವನ್ನೇ ತೊಡುವ ಹುಡುಗರು ಪ್ರತಿ ಊರಿನಲ್ಲೂ ಇದ್ದಾರೆ. ತಾಯಂದಿರು ಆ ಚೀಲವನ್ನು ರಾತ್ರಿಯೇ ಬಿಚ್ಚಿಸಿ, ಹುಡುಗನ ಕೈಯಿಂದಲೇ ಒಗೆಸಿ, ಬೆಳಗ್ಗೆ ಬಿಸಿಲಿಗೆ ಹರವಿಸಲಿ. ನೀರಿಗೆ ಬರವುಂಟು, ಬಿಸಿಲಿಗೆ ನಮ್ಮ ಜಿಲ್ಲೆಯಲ್ಲಿ ಎಂದೂ ಬರ ಬಂದಿಲ್ಲ.